ನನ್ನ ಓರಗಿತ್ತಿ ಅನಿಪಾ ಕೆಳಕೇರಿಯನ್ನೆಲ್ಲ ಎಣಿಸಿದ್ದು

ನನ್ನ ಓರಗಿತ್ತಿ ಅನಿಪಾಳನ್ನು ಹೊಗಳಬೇಕೆಂದು ನಾನು ಕುಳಿತಿಲ್ಲ. ಹೊಗಳಿದರೆ ನಾಳೆಯೇ ಬಂದು ನನ್ನ ಮನೆಯ ಕೋಣೆಗಳನ್ನು ಇನ್ನೊಮ್ಮೆ ಅಳೆಯುತ್ತಾಳೆ. ಹಿಂದೊಮ್ಮೆ ಬಂದಾಗ ನನ್ನ ಅಡುಗೆಮನೆಯಲ್ಲಿ ಐದು ಜನ ಮಲಗಬಹುದು, ಒಲೆಯ ಕಡೆ ಕಾಲು ಮಾಡಿದರೆ ಆರು ಎಂದು ಬರೆದುಕೊಂಡು ಹೋದಳು. ನನ್ನ ಅಡುಗೆಮನೆಯಲ್ಲಿ ಯಾರು ಮಲಗಬೇಕು, ಯಾಕೆ ಮಲಗಬೇಕು ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ. ಆದರೂ ಆ ಗುಡಾರದ ಕಥೆಯನ್ನು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಆ ದಿನ ಅಲ್ಲಿದ್ದವಳು ನಾನು, ಎಲ್ಲರಿಗಿಂತ ಮೊದಲು ಅತ್ತವಳೂ ನಾನು. ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ಅನಿಪಾ ನಮ್ಮ ಚೋಲೊಕ್-ಸೂ ಊರಿನ ಕಚೇರಿಯಲ್ಲಿ ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಕೊರಳಿಗೆ ದಾರ ಕಟ್ಟಿ ತೂಗುಬಿಟ್ಟ ಅದೇ ಪೆನ್ನು. ಕುರಿಮರಿ ಸತ್ತರೂ ಅವಳೇ ಬರೆಯಬೇಕು, ಅಜ್ಜಿಯರ ಪಿಂಚಣಿ ತಪ್ಪಿದರೂ ಅವಳೇ ಓಡಬೇಕು. ನನ್ನ ಗಂಡನ ತಮ್ಮನ ಹೆಂಡತಿ ಅವಳು. ನಮ್ಮಲ್ಲಿ ಕಿರಿಯ ಮಗನೇ ಅಪ್ಪನ ಜೊತೆ ಇರುವುದು, ಆದ್ದರಿಂದ ನಮ್ಮ ಮಾವ ಬೆರ್ದಿಕೆ ಅವಳ ಪಾಲಿಗೆ ಬಂದರು. ನನ್ನ ಪಾಲಿಗೆ ಬಂದದ್ದು ಪಕ್ಕದ ಮನೆ. ಯಾರಿಗೆ ಹೆಚ್ಚು ಪುಣ್ಯ ಸಿಕ್ಕಿತು ಎಂದು ನಾನು ಹೇಳುವುದಿಲ್ಲ, ಮಾವನನ್ನು ನೋಡಿದವರಿಗೆ ಗೊತ್ತು.

ಆರು ವರ್ಷದ ಹಿಂದೆ ಕಚೇರಿಯವರು ಅವಳಿಗೆ ಇನ್ನೊಂದು ಕೆಲಸ ಅಂಟಿಸಿದರು. ಊರಿಗೆ ಆಪತ್ತು ಬಂದರೆ ಜನರನ್ನು ಎಲ್ಲಿ ಸೇರಿಸುವುದು, ಏನು ತಿನ್ನಿಸುವುದು, ಎಲ್ಲಿ ಮಲಗಿಸುವುದು ಎಂಬ ಯೋಜನೆ ಬರೆಯುವ ಕೆಲಸ. ಬೇರೆಯವರಾಗಿದ್ದರೆ ನಾಲ್ಕು ಹಾಳೆ ಗೀಚಿ ಕಪಾಟಿಗೆ ತುರುಕುತ್ತಿದ್ದರು. ಇವಳಿಗೆ ಅದೇ ಹುಚ್ಚಾಯಿತು. ಯಾರ ಮನೆಗೆ ಹೋದರೂ ಟೀ ಕುಡಿಯುವ ಮೊದಲು ಕೋಣೆಯ ಉದ್ದಗಲ ನೋಡುತ್ತಾಳೆ. ಸ್ವಂತ ಮಗನ ಮದುವೆಯಲ್ಲಿ ಸೊಸೆಯ ಮುಖ ನೋಡುವ ಮೊದಲು ಬೀಗರು ತಂದ ಕೌದಿಗಳನ್ನು ಎಣಿಸಿದಳು.

ಹುಚ್ಚಿಗೆ ಕಾರಣವಿತ್ತು, ಅದನ್ನೂ ಹೇಳಬೇಕು. ನಮ್ಮೂರಿನ ಮೇಲೆ ಹಿಮಗಡ್ಡೆಗಳ ನಡುವೆ ಒಂದು ಕೆರೆಯಿದೆ. ಬೇಸಿಗೆಯಲ್ಲಿ ಅದು ಒಡೆಯುವುದುಂಟು. ಒಡೆದರೆ ನೀರು, ಕೆಸರು, ಬಂಡೆ ಎಲ್ಲ ಸೇರಿಕೊಂಡು ನೇರವಾಗಿ ಕೆಳಕೇರಿಗೆ ಇಳಿಯುತ್ತದೆ. ಕೆಳಕೇರಿಯೆಂದರೆ ಅರವತ್ತನಾಲ್ಕು ಮನೆ, ಇನ್ನೂರ ಹನ್ನೊಂದು ಜನ. ಅದು ಅನಿಪಾಳ ತವರು, ಅವಳ ತಾಯಿ ಇವತ್ತಿಗೂ ಅಲ್ಲೇ ಇದ್ದಾಳೆ. ಅನಿಪಾ ಒಂಬತ್ತು ವರ್ಷದವಳಿದ್ದಾಗ ಕೆರೆ ಒಡೆದಿತ್ತು. ಎಲ್ಲರೂ ಸೇತುವೆ ದಾಟಿ ಆಚೆ ದಡದ ಹಳ್ಳಿಗೆ ಹೋಗಿ ಎಂದು ಅಂದಿನ ದೊಡ್ಡವರು ಅಪ್ಪಣೆ ಮಾಡಿದರು. ತಾಯಿ ಕೈಕೂಸನ್ನು ಎತ್ತಿಕೊಂಡು ಮೊದಲು ದಾಟಿದಳು. ಕರುವನ್ನು ಎಳೆದುಕೊಂಡು ಅನಿಪಾ ಹಿಂದೆ ಬರುತ್ತಿದ್ದಳು. ನಡುವೆ ಸೇತುವೆ ಹೋಯಿತು. ಎರಡು ದಿನ ಅವಳು ಈ ದಡ, ತಾಯಿ ಆ ದಡ. ಹೊಳೆಯ ಗದ್ದಲದಲ್ಲಿ ಕೂಗಿದ್ದು ಕೇಳುವುದಿಲ್ಲ, ತಾಯಿಯ ಕೆಂಪು ತಲೆವಸ್ತ್ರ ಮಾತ್ರ ಕಾಣುತ್ತಿತ್ತು. ಮಧ್ಯೆ ಒಂದು ಸಲ ಅದೂ ಕಾಣಲಿಲ್ಲ. ಒದ್ದೆಯಾಗಿದೆ ಎಂದು ತಾಯಿ ಅದನ್ನು ಬಿಚ್ಚಿ ಹಿಂಡಿ ಒಣಗಲು ಹಾಕಿದ್ದಳಂತೆ. ಆ ಒಂದು ಗಂಟೆಯಲ್ಲಿ ನಾನು ಮುದುಕಿಯಾಗಿಬಿಟ್ಟೆ ಎನ್ನುತ್ತಾಳೆ ಅನಿಪಾ.

ಈಗ ನೋಡಿ, ಜಿಲ್ಲೆಯಿಂದ ಮತ್ತೆ ಅದೇ ಅಪ್ಪಣೆ ಬಂತು. ಆಚೆ ದಡದ ಹಳ್ಳಿಯಲ್ಲಿ ಹೊಸ ಕ್ರೀಡಾಂಗಣ ಕಟ್ಟಿದ್ದಾರೆ, ಬೆಚ್ಚಗಿದೆ, ಕೆರೆ ಒಡೆದರೆ ಕೆಳಕೇರಿಯವರು ಸೇತುವೆ ದಾಟಿ ಅಲ್ಲಿಗೆ ಹೋಗತಕ್ಕದ್ದು ಎಂದು. ಅನಿಪಾ ಆ ಕಾಗದವನ್ನು ಓದಿ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಜಿಲ್ಲೆಯ ತಪಾಸಣೆ ಅಧಿಕಾರಿ ಕುಬಾತ್‌ನ ಮೇಜಿನ ಮುಂದೆ ಹೋಗಿ ಕುಳಿತಳು.

"ಸೇತುವೆ ದಾಟ್ಸೋದಾದ್ರೆ ಮೊದ್ಲು ಹೊಳೆಗೊಂದು ಮಾತು ಕೇಳಿ ಸಾಹೇಬ್ರೆ," ಅಂದಳು. "ಆಶ್ರಯ ಈ ದಡದಲ್ಲೇ ಆಗ್ಬೇಕು."

ಕುಬಾತ್ ಕೆಟ್ಟವನಲ್ಲ. ಅವನಿಗೆ ಫಾರಂ ತುಂಬಿದರೆ ಸಾಕು. "ಆಯ್ತಕ್ಕ, ಮಾಡಿ ತೋರ್ಸಿ," ಅಂದ. "ಮೂರು ಗಂಟೆಯೊಳಗೆ ನೂರೈವತ್ತು ಜನ ಬರ್ಬೇಕು, ಹೆಸರು ಬರೆಸ್ಬೇಕು, ಬಿಸಿ ಊಟ ಆಗ್ಬೇಕು, ಎಲ್ರಿಗೂ ಹಾಸಿಗೆ ಇರ್ಬೇಕು. ಮೂರು ಸಲ ಅವಕಾಶ ಕೊಡ್ತೀನಿ. ಒಂದ್ಸಲನಾದ್ರೂ ಸರಿಹೋದ್ರೆ ಸಹಿ ಹಾಕ್ತೀನಿ. ಇಲ್ದಿದ್ರೆ ಸೇತುವೆ ದಾರೀನೇ."

ಮೊದಲನೆಯ ಅಭ್ಯಾಸ ಸ್ಕೂಲಿನ ದೊಡ್ಡ ಹಾಲಿನಲ್ಲಿ ನಡೆಯಿತು. ಸೈರನ್ ಕೂಗಿದ್ದೇ ಕೆಳಕೇರಿಯವರು ಕಿಟಕಿ ಹಾಕಿಕೊಂಡರು, ದನಗಳು ಬೆದರುತ್ತವೆ ಎಂದು. ಬಂದವರು ಏಳು ಜನ, ಅದರಲ್ಲಿ ನಾಲ್ವರು ಹಿಟ್ಟು ಕೊಡುತ್ತಾರೆಂದು ಬಂದವರು. ಊರಿನ ಹಿರಿಯರೆಂದು ನಮ್ಮ ಮಾವನನ್ನೂ ಕರೆಸಿದ್ದಳು, ಅದೇ ತಪ್ಪಾಯಿತು. ಹಿರಿಯರು ಬಾಗಿಲಿನಿಂದ ಅತ್ಯಂತ ದೂರ ಕೂರಬೇಕು, ಕಿರಿಯರು ಬಾಗಿಲ ಬಳಿ. ಹುಟ್ಟಿದಾಗಿನಿಂದ ನಮಗೆ ಗೊತ್ತಿರುವುದು ಇದೇ. ಆದರೆ ಸ್ಕೂಲಿನ ಹಾಲಿಗೆ ಎರಡು ಬಾಗಿಲು, ಎದುರುಬದುರು.

"ನನ್ನನ್ನ ಬಾಗ್ಲ ಹತ್ರ ಕೂರಿಸ್ತೀಯೇನೇ? ಬೂಟ್ಸು ಕಾಯೋಕಾ?" ಅಂದರು ಮಾವ.

"ಎಲ್ಲಿ ಕೂತ್ರೂ ಒಂದು ಬಾಗ್ಲು ದೂರಾನೇ ಇರತ್ತಲ್ಲ ಮಾವ," ಅಂದಳು ಅನಿಪಾ.

"ಇನ್ನೊಂದು ಹತ್ರಾನೇ ಇರತ್ತಲ್ಲ."

ಮಾವ ನಿಂತೇ ಇದ್ದರು. ಹಿರಿಯರು ನಿಂತಿರುವಾಗ ಉಳಿದವರು ಕೂರುವ ಹಾಗಿಲ್ಲ. ಕುಬಾತ್ ಬಂದಾಗ ಎಂಟು ಜನ ಹಾಲಿನ ನಟ್ಟನಡುವೆ ಬೇಲಿಗೂಟಗಳ ಹಾಗೆ ನಿಂತಿದ್ದರು. ಮಾರನೆಯ ದಿನ ಅನಿಪಾ ಒಂದು ಬಾಗಿಲಿಗೆ ಹಲಗೆ ಹೊಡೆಸಿದಳು. ಬೆಂಕಿ ಬಿದ್ದರೆ ಓಡಲು ಎರಡು ಬಾಗಿಲು ಕಡ್ಡಾಯ ಎಂದು ಕುಬಾತ್ ಅದನ್ನು ತೆಗೆಸಿದ.

ಎರಡನೆಯ ಸಲ ಅವಳು ಮನೆಮನೆಗೆ ಹೋಗಿ ಗೋಗರೆದಳು. ತೊಂಬತ್ತು ಜನ ಹೊರಟು ಬಂದರು. ಹೆಸರು ಬರೆಯಲು, ದಾರಿ ತೋರಿಸಲು ಮೇಲಿನ ಕೇರಿಯ ಹೆಂಗಸರನ್ನು ಸ್ಕೂಲಿನ ಗೇಟಿನಲ್ಲಿ ನಿಲ್ಲಿಸಿದ್ದಳು. ನಾನೂ ಇದ್ದೆ. ಈಗ ನೀವೇ ಹೇಳಿ, ಕಣ್ಣೆದುರಿಗೆ ಕೂಸು ಎತ್ತಿಕೊಂಡು ಜನ ಬರುತ್ತಿದ್ದಾರೆ, ನಿಮ್ಮ ಮನೆ ನೂರು ಹೆಜ್ಜೆಯಲ್ಲಿದೆ, ಅವರನ್ನು ಸ್ಕೂಲಿನ ನೆಲದ ಮೇಲೆ ಮಲಗಲು ಕಳಿಸುತ್ತೀರಾ? ನಾನು ಹನ್ನೊಂದು ಜನರನ್ನು ಮನೆಗೆ ಕರೆದುಕೊಂಡು ಹೋದೆ. ಉಳಿದವರೂ ಹಾಗೇ ಮಾಡಿದರು. ಕುಬಾತ್ ಬಂದು ನೋಡಿದಾಗ ಹಾಲಿನಲ್ಲಿ ಅನಿಪಾ ಒಬ್ಬಳು, ಬೇಯುತ್ತಿದ್ದ ಎರಡು ಹಂಡೆ ಸಾರು. ಅವನು ಫಾರಂನಲ್ಲಿ ಸೊನ್ನೆ ಬರೆದ.

ಅವತ್ತು ಅವಳು ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು, "ನೀನೂ ಹೀಗ್ಮಾಡ್ತೀಯ ಅಂದ್ಕೊಂಡಿರ್ಲಿಲ್ಲ ಊಲ್ಕನಕ್ಕ," ಅಂದಳು.

"ಮತ್ತೇನ್ ಮಾಡ್ಬೇಕಿತ್ತು? ಮನೆ ಇಟ್ಕೊಂಡು ನೆಂಟ್ರನ್ನ ಸ್ಕೂಲಲ್ಲಿ ಮಲಗ್ಸೋದಾ? ನಾಳೆ ಅವ್ರ ಮುಖ ಹೇಗ್ ನೋಡ್ಲಿ?" ಅಂದೆ. ಅವಳು ಬಂದಿದ್ದ ಹನ್ನೊಂದು ಜನರನ್ನು ಲೆಕ್ಕ ಹಾಕಿ, ಟೀ ಕುಡಿದು ಹೋದಳು.

ಮೂರನೆಯದೇ ಕೊನೆಯದು. ಅಕ್ಟೋಬರ್ ತಿಂಗಳು, ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು. ಊರಿನ ಮುಖ್ಯಸ್ಥ ಮಾರಿಪ್ ತಾನೂ ಏನಾದರೂ ಮಾಡಬೇಕೆಂದುಕೊಂಡು, ಸಾಹೇಬರಿಗೆ ಚೆನ್ನಾಗಿ ಕಾಣಲಿ ಎಂದು ಹಿಂದಿನ ದಿನ ಹಾಲಿನ ನೆಲಕ್ಕೆ ಬಣ್ಣ ಹೊಡೆಸಿದ. ಚಳಿಗೆ ಬಣ್ಣ ಒಣಗಲಿಲ್ಲ. ಬೆಳಿಗ್ಗೆ ಏಳಕ್ಕೆ ಅನಿಪಾ ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟಳು, ಬೂಟು ಅಲ್ಲೇ ಉಳಿಯಿತು.

ಒಂದೇ ಬೂಟಿನಲ್ಲಿ ನಮ್ಮ ಮನೆಗೆ ಓಡಿ ಬಂದಳು. ಮಾವನ ಅಂಗಳ ದೊಡ್ಡದು, ಎತ್ತರದಲ್ಲಿದೆ, ಕೆಳಕೇರಿಗೆ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಹಾಕುವ ನಮ್ಮ ಉಣ್ಣೆಯ ಗುಡಾರ ಕೊಟ್ಟಿಗೆಯಲ್ಲಿ ಮಡಿಸಿಟ್ಟಿತ್ತು. ನನ್ನ ಗಂಡ, ಮೈದುನ, ನಾನು, ಅವಳು ನಾಲ್ವರೂ ಸೇರಿ ಅದನ್ನೇ ನಿಲ್ಲಿಸಿದೆವು. ಪಕ್ಕದಲ್ಲಿ ಒಲೆ ಹೂಡಿ ಹಂಡೆ ಏರಿಸಿದೆವು. ಮಾವನಿಗೆ ವಾರದಿಂದ ಕೆಮ್ಮು, ಜೊತೆಗೆ ಮೊದಲ ಸಲದ ಬಾಗಿಲ ರಗಳೆ ಬೇರೆ. ಇವತ್ತು ಗೇಟಿನ ಬೆಂಚಿಗೆ ಹೋಗಿ ಕೂರಬೇಡಿ ಎಂದು ಹೇಳಿ ಅವರನ್ನು ಒಳಗೆ ಮಲಗಿಸಿದೆವು.

ಗುಡಾರಗಳೆಲ್ಲ ಬೆಟ್ಟದಿಂದ ಇಳಿದು ತಿಂಗಳಾದ ಮೇಲೆ, ಎಂಬತ್ಮೂರು ವರ್ಷದ ಮುದುಕರಿರುವ ಮನೆಯ ಮಗ್ಗುಲಲ್ಲಿ ಗುಡಾರ ಎದ್ದರೆ ಅದರ ಅರ್ಥ ಒಂದೇ, ಸತ್ತವರನ್ನು ನಾವು ಮಲಗಿಸುವುದು ಗುಡಾರದಲ್ಲೇ. ಮುದುಕರು ದಿನಾ ಕೂರುವ ಬೆಂಚು ಖಾಲಿ, ಪಕ್ಕದಲ್ಲಿ ಹಂಡೆಯಿಂದ ಹೊಗೆ. ನಮ್ಮೂರಿನ ಹಾಲು ಕುಡಿಯುವ ಕೂಸಿಗೂ ಇದು ತಿಳಿಯುತ್ತದೆ. ನಮ್ಮ ನಾಲ್ಕು ತಲೆಗಳಿಗೆ ಮಾತ್ರ ಹೊಳೆಯಲಿಲ್ಲ. ಅವುಗಳಲ್ಲಿ ಬರೀ ಕುಬಾತ್ ತುಂಬಿಕೊಂಡಿದ್ದ.

ಒಂಬತ್ತೂವರೆಗೆ ಎದುರುಮನೆಯ ಸಗಿನ್ ಕೋಲೂರಿಕೊಂಡು, ನಡು ಬಗ್ಗಿಸಿ, ಗೇಟಿನಿಂದಲೇ ಗೋಳೋ ಎಂದು ಅಳುತ್ತ ಬಂದ. "ಅಯ್ಯೋ ನನ್ನ ಬೆಟ್ಟದಂಥ ಅಣ್ಣಾ, ನಿನ್ನ ಕುಡುಗೋಲು ಇನ್ನೂ ನನ್ನತ್ರಾನೇ ಇದ್ಯಲ್ಲೋ, ಇನ್ನ್ಯಾರಿಗ್ ವಾಪಸ್ ಕೊಡ್ಲೋ."

ಐದು ವರ್ಷದಿಂದ ಆ ಕುಡುಗೋಲು ತನ್ನ ಬಳಿ ಇಲ್ಲವೆಂದು ಆಣೆ ಹಾಕಿಕೊಂಡು ಬಂದವನು ಅವನು. ನಾನು, "ಸಗಿನಣ್ಣ, ಯಾರೂ ಸತ್ತಿಲ್ಲ" ಎಂದು ಹೇಳಲು ಬಾಯಿ ತೆರೆದೆ. ಅನಿಪಾ ನನ್ನ ತೋಳನ್ನು ಹಿಂಡಿದಳು. ಅವಳು ಸಗಿನ್‌ನನ್ನು ನೋಡುತ್ತಿರಲಿಲ್ಲ. ಅವನ ಹಿಂದೆ ಅವನ ಹೆಂಡತಿ ಎರಡು ಕೆಟಲ್, ತಲೆಯ ಮೇಲೆ ಆರು ಕೌದಿ ಹೊತ್ತು ಬರುತ್ತಿದ್ದಳು. ಅವಳ ಹಿಂದೆ ಮತ್ತಿಬ್ಬರು. ಕೆಳಗೆ ನೋಡಿದರೆ ಕೆಳಕೇರಿಯ ಬಾಗಿಲುಗಳೆಲ್ಲ ತೆರೆದಿದ್ದವು, ಜನ ಏರು ಹತ್ತುತ್ತಿದ್ದರು. ಹಾಸಿಗೆ, ಟೀ ಕಾಯಿಸುವ ಸಮೋವಾರ್, ಬಟ್ಟಲು, ಬ್ರೆಡ್ಡು, ಕೂಸುಕುನ್ನಿ ಎಲ್ಲವೂ ಜೊತೆಗಿತ್ತು. ಅನಿಪಾ ಗಡಿಯಾರ ನೋಡಿಕೊಂಡಳು.

"ಗುಡಾರ ಎದ್ದು ಹನ್ನೊಂದು ನಿಮಿಷ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ಅಳು."

"ತಲೆ ನೆಟ್ಟಗಿದ್ಯೇನೇ ನಿಂಗೆ? ಬದುಕಿರೋ ಮನುಷ್ಯನಿಗೆ?"

"ನಮ್ಮಮ್ಮ ಇನ್ನೊಂದ್ಸಲ ಆ ಸೇತುವೆ ದಾಟ್ಬಾರ್ದು. ಅಳಕ್ಕ, ನಿನ್ನ ಕಾಲಿಗ್ ಬೀಳ್ತೀನಿ."

ಹಾಡಿಕೊಂಡು ಅಳುವುದರಲ್ಲಿ ಈ ಕಣಿವೆಯಲ್ಲೇ ನನ್ನನ್ನು ಮೀರಿಸಿದವರಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಗುಡಾರದೊಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತು ಶುರು ಮಾಡಿದೆ. ಮಾವನ ಔದಾರ್ಯದ ಬಗ್ಗೆ ಹಾಡಬೇಕಾಗಿ ಬಂದಾಗ ಸ್ವಲ್ಪ ತಡವರಿಸಿದ್ದು ನಿಜ. ಆ ಮನುಷ್ಯ ಸಕ್ಕರೆ ಡಬ್ಬಿಗೆ ಬೀಗ ಹಾಕುವವರು.

ಅಷ್ಟರಲ್ಲಿ ಹೊದಿಕೆಯ ಸಂದಿಯಿಂದ, ಗುಡಾರದ ಹಿಂದಿನ ಮನೆಯ ಕಿಟಕಿಯಲ್ಲಿ ಮಾವನ ತಲೆ ಕಾಣಿಸಿತು.

"ಸಗಿನ್ ಯಾಕೆ ಹಂಗ್ ಬಡ್ಕೊಳ್ತಿದಾನೆ? ಯಾರ್ ಸತ್ರು?"

"ನೀವೇ ಮಾವ," ಅಂದಳು ಕಿಟಕಿಗೆ ಓಡಿದ ಅನಿಪಾ.

"ಯಾವಾಗ?"

"ಒಂಬತ್ತೂವರೆಗೆ."

ಮಾವ ಯೋಚಿಸಿದರು. "ನಂಗ್ಯಾರೂ ಹೇಳ್ಲೇ ಇಲ್ಲ."

"ಈಗ ಹೇಳ್ತಿದೀನಲ್ಲ. ಮೂರು ಗಂಟೆ ಸತ್ತಿರಿ ಮಾವ, ನಿಮ್ಮ ದಮ್ಮಯ್ಯ. ಸುಮ್ನೆ ಮಲಗಿದ್ರೆ ಸಾಕು, ಕೆಮ್ಮಬಾರ್ದು ಅಷ್ಟೆ."

"ಓಮುರ್ಜಾಕ್ ಬರ್ತಾನಾ?"

"ಬರ್ದೇ ಇರ್ತಾರಾ?"

"ಹಂಗಾದ್ರೆ ಸಾಯ್ತೀನಿ."

ಓಮುರ್ಜಾಕ್ ಕೆಳಕೇರಿಯ ಮುದುಕ, ಒಂದು ಕಾಲಕ್ಕೆ ಮಾವನ ಜೀವದ ಗೆಳೆಯ. ಮೂವತ್ತೊಂದು ವರ್ಷದ ಹಿಂದೆ ಕುದುರೆ ಮೇಲೆ ಕುಳಿತು ಮೇಕೆಯ ಮುಂಡ ಎಳೆದಾಡುವ ನಮ್ಮ ಆಟದಲ್ಲಿ, ಕೊನೆಯ ಗಳಿಗೆಯಲ್ಲಿ ಮಾವ ಮೇಕೆಯನ್ನು ಗೆಲುವಿನ ಗುಂಡಿಗೆ ಎಸೆದರು. ಗುಂಡಿಯೊಳಗೆ ಬಿತ್ತು ಎಂದು ಮಾವ, ಅಂಚಿನ ಮೇಲೆ ಬಿತ್ತು ಎಂದು ತೀರ್ಪುಗಾರನಾಗಿದ್ದ ಓಮುರ್ಜಾಕ್. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ, ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದಿಲ್ಲ.

ಮಾವನನ್ನು ಕಂಬಳಿಯಲ್ಲಿ ಸುತ್ತಿ, ನನ್ನ ಗಂಡ ಮತ್ತು ಮೈದುನ ಹೊತ್ತುಕೊಂಡು ಬಂದು ಗುಡಾರದ ಬಲಮಗ್ಗುಲಿಗೆ ಪರದೆಯ ಹಿಂದೆ ಮಲಗಿಸಿದರು. ಅದನ್ನು ಕಂಡು ಅಂಗಳದ ಜನ ಇನ್ನೂ ಜೋರಾಗಿ ಅತ್ತರು. ಮಾವನಿಗೆ ಸ್ನಾನ ಮಾಡಿಸಲು ಮೌಲ್ವಿ ನೀರು ಕಾಯಿಸಿಕೊಂಡು ಬಂದರು. ಪಟ್ಟಣದಿಂದ ಮಾವನ ಮಗಳು ಬರುವವರೆಗೆ ಯಾರೂ ಮುಟ್ಟಕೂಡದು ಎಂದು ಅನಿಪಾ ತಡೆದಳು. ಹತ್ತಕ್ಕೆ ಸರಿಯಾಗಿ ಸೈರನ್ ಕೂಗಿತು. ಸಾವಿನ ಮನೆಯ ಹತ್ತಿರ ಇದೇನು ಗಲಾಟೆ ಎಂದು ಬೈದು ಯಾರೋ ಹೋಗಿ ಅದನ್ನು ನಿಲ್ಲಿಸಿ ಬಂದರು.

ಸಾವಿನ ಮನೆಗೆ ಬಂದವರಿಗೆ ಊಟ, ಹಾಸಿಗೆ ಕೊಡುವುದು ಅಕ್ಕಪಕ್ಕದ ಮನೆಗಳ ಕೆಲಸ. ಯಾರೂ ಹೇಳಿಕೊಡಬೇಕಿಲ್ಲ. ಅನಿಪಾ ಗೇಟಿನಲ್ಲಿ ನಿಂತು ಬಂದವರ ಹೆಸರು ಬರೆದು, ಯಾವ ಮನೆಗೆ ಎಷ್ಟು ಜನ ಎಂದು ಹಂಚುತ್ತ ಹೋದಳು. "ಸಗಿನಣ್ಣನ ಮನೆಗೆ ಹನ್ನೆರಡು. ಮಾರಿಪ್ ಮನೆಗೆ ಒಂಬತ್ತು. ಊಲ್ಕನಕ್ಕನ ಅಡುಗೆಮನೆಗೆ ಆರು." ಒಬ್ಬರೂ ಇಲ್ಲವೆನ್ನಲಿಲ್ಲ. ನಾನೂ ಅನ್ನಲಿಲ್ಲ, ಅಳುತ್ತಿದ್ದೆನಲ್ಲ.

ಮೈದುನನ ಗೆಳೆಯರು ಊಟಕ್ಕೆಂದು ಮಾವನ ಕಂದು ಕುದುರೆಯನ್ನೇ ಬಿಚ್ಚಿ ತಂದರು. ಸತ್ತವರ ಹೆಸರಿನಲ್ಲಿ ಅವರ ಕುದುರೆಯನ್ನೇ ಕಡಿದರೆ ಗೌರವ ತಾನೇ. ಪರದೆಯ ಹಿಂದಿನಿಂದ ಒಂದು ಕೈ ಬಂದು ನನ್ನ ಲಂಗ ಎಳೆಯಿತು.

"ಕುದುರೆ ಮುಟ್ಟಿದ್ರೆ ಎದ್ಬಿಡ್ತೀನಿ," ಅಂತ ಪಿಸುಗುಟ್ಟಿದರು ಮಾವ.

ನಾನು ಅಳುವ ರಾಗದಲ್ಲೇ, ಆ ಕುದುರೆಯನ್ನು ಬಿಡಿ, ಮಾವನ ಜೀವವೇ ಅದರಲ್ಲಿತ್ತು, ಅಭ್ಯಾಸದ ಊಟಕ್ಕೆ ಕಚೇರಿಯವರು ಕೊಟ್ಟ ಕುರಿಗಳಿವೆಯಲ್ಲ ಎಂದು ಹಾಡಿದೆ. ಎಲ್ಲರೂ ಕರಗಿಹೋಗಿ ಕುದುರೆಯನ್ನು ಬಿಟ್ಟರು. ಆಮೇಲೆ ಬಹಳ ಜನ ನನ್ನ ಆ ಸಾಲನ್ನು ಹೊಗಳಿದರು.

ಕುಬಾತ್‌ನ ಜೀಪು ಬಂತು. ಗುಡಾರ ಕಂಡದ್ದೇ ಅವನು ಕೆಳಗಿಳಿದು, ಟೋಪಿ ಸರಿಮಾಡಿಕೊಂಡು, ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಅಳುತ್ತ ನಡೆದು ಬಂದ. ಅವನೂ ನಮ್ಮವನೇ, ಅಳದೆ ಬರಲಾಗುತ್ತದೆಯೇ? ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಇವತ್ತಿನ ಅಭ್ಯಾಸ ಬಿಡೋಣಕ್ಕ," ಅಂದ.

"ಬಿಡ್ಬೇಡಿ. ಎಣ್ಸಿ," ಅಂದಳು ಅನಿಪಾ.

"ಸಾವಿನ್ ಮನೇಲಿ ಎಣ್ಸೋದಾ?"

"ಅದು ಮಾವನ ಕೊನೇ ಆಸೆ ಸಾಹೇಬ್ರೆ."

ಇಂಥ ಆಸೆಯ ಮುದುಕನನ್ನು ತಾನು ಕಂಡೇ ಇಲ್ಲ ಎಂದುಕೊಂಡು ಕುಬಾತ್ ಎಣಿಸಲು ಹೋದ. ಹನ್ನೊಂದೂವರೆಗೆ ಅವನ ಎಣಿಕೆ ಇನ್ನೂರು ದಾಟಿತ್ತು. ಎಲ್ಲರ ಕೈಯಲ್ಲೂ ಬಿಸಿ ಸಾರಿನ ಬಟ್ಟಲು, ಎಲ್ಲರಿಗೂ ಒಂದೊಂದು ಮನೆ. ಅವನು ಗುಡಾರದೊಳಗೆ ಬಂದು ಕುಳಿತು, ಫಾರಂ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡ. ಅನಿಪಾ ಅವನ ಪೆನ್ನನ್ನೇ ನೋಡುತ್ತಿದ್ದಳು.

ಆಗ ಓಮುರ್ಜಾಕ್ ಬಂದ. ಒಬ್ಬನೇ, ಎಲ್ಲರಿಗಿಂತ ಕೊನೆಗೆ, ಕಾಲೆಳೆದುಕೊಂಡು. ಗುಡಾರದೊಳಗೆ ಬಂದು ಪರದೆಯ ಮುಂದೆ ಕುಸಿದು ಕುಳಿತ. ಅವನ ಅಳು ಮಾತ್ರ ನಿಜವಾದದ್ದು, ಅದನ್ನು ಕೇಳಿ ನನ್ನ ಹಾಡು ತಾನಾಗಿ ನಿಂತುಹೋಯಿತು.

"ಬೆರ್ದಿಕೆ," ಅಂದ. "ಮೂವತ್ತೊಂದು ವರ್ಷ ನನ್ನ ಹೊಟ್ಟೇಲಿಟ್ಕೊಂಡಿದ್ದೆ ಕಣೋ. ಅದು ಒಳಗೇ ಬಿದ್ದಿತ್ತು. ನಾನು ಸರಿಯಾಗೇ ನೋಡಿದ್ದೆ. ನೀನು ಗೆದ್ದು ಮೆರೀತೀಯಲ್ಲ ಅಂತ ಹೊಟ್ಟೆಕಿಚ್ಚಿಗೆ ಅಂಚು ಅಂದ್ಬಿಟ್ಟೆ."

ಪರದೆ ಅಲುಗಾಡಿತು.

"ಅನಿಪಾ, ಬರ್ಕೋ!" ಅಂದರು ಮಾವ. "ಸಾಹೇಬ್ರು ಕೇಳ್ಸ್ಕೊಂಡ್ರಲ್ಲ, ಅವ್ರ ಸಹೀನೂ ಹಾಕ್ಸು."

ಮೌಲ್ವಿಯ ಕೈಯಿಂದ ಬಟ್ಟಲು ಬಿತ್ತು. ಪರದೆ ಸರಿಸಿಕೊಂಡು, ಕಂಬಳಿ ಹೊದ್ದುಕೊಂಡು ಮಾವ ಎದ್ದು ಕುಳಿತರು. ಓಮುರ್ಜಾಕ್ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಬದುಕಿದೀಯಾ?"

"ಇಂಥ ಮಾತು ಕೇಳಿದ್ಮೇಲೆ ಹೇಗೋ ಸಾಯ್ಲಿ?"

ಓಮುರ್ಜಾಕ್ ಕಣ್ಣೊರೆಸಿಕೊಂಡು ಎದ್ದ. "ನಾನು ಹೇಳಿದ್ದು ಸತ್ತೋನಿಗೆ. ಬದುಕಿರೋನಿಗಲ್ಲ. ಅದು ಅಂಚಿನ ಮೇಲೇ ಬಿದ್ದಿದ್ದು."

ಅಲ್ಲಿಂದ ಶುರುವಾಯಿತು. ಇಬ್ಬರು ಮುದುಕರು ಮೂವತ್ತೊಂದು ವರ್ಷದ ಬೈಗುಳವನ್ನು ಒಂದೇ ಉಸಿರಿಗೆ ಬೈದಾಡಿದರು. ಹೊರಗೆ ಜನ ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಯಾಕೆ ಆಗಬಾರದು? ಒಳ್ಳೆಯ ಕಣ್ಣೀರನ್ನು ಸುಮ್ಮನೆ ಖರ್ಚು ಮಾಡಿಸಿದ್ದೆವು. ಸಗಿನ್ ಮೆಲ್ಲಗೆ ಗೇಟಿನ ಕಡೆ ಸರಿಯುತ್ತಿದ್ದ, ಮಾವ ಒಳಗಿನಿಂದಲೇ "ಕುಡುಗೋಲು" ಎಂದು ಕೂಗಿದರು. ಅನಿಪಾ ಎಲ್ಲರ ಮುಂದೆ ನಿಂತು, ತಲೆ ತಗ್ಗಿಸಿ, "ತಪ್ಪು ನಂದೇ," ಅಂದಳು. "ಸೈರನ್ ಕೂಗಿದ್ರೆ ನೀವು ಬರಲ್ಲ. ನಾನ್ ಕರೆದ್ರೂ ಬರಲ್ಲ. ಇವತ್ತು ಬಂದ್ರಿ. ಬಂದಿದ್ದು ನೋಡಿ ನಂಗೆ ಬಾಯಿ ಬಿಡೋಕೆ ಮನಸ್ಸಾಗ್ಲಿಲ್ಲ." ಮನೆಮನೆಗೂ ಬ್ರೆಡ್ಡು ಕೊಟ್ಟು ಕ್ಷಮೆ ಕೇಳಬೇಕು ಎಂದು ಮೌಲ್ವಿ ತೀರ್ಪು ಕೊಟ್ಟರು. ಅವಳು ಅರವತ್ತನಾಲ್ಕು ಮನೆಗೂ ಹೋದಳು, ಹೋದಲ್ಲೆಲ್ಲ ಕೌದಿ ಎಣಿಸಿಕೊಂಡು ಬಂದಳು.

ಕುಬಾತ್ ಮಾತ್ರ ಫಾರಂ ಹಿಡಿದು ಕುಳಿತಿದ್ದ. ಅವನೂ ಅತ್ತಿದ್ದನಲ್ಲ, ಮುಖ ಊದಿಕೊಂಡಿತ್ತು.

"ಸುಳ್ಳು ಹೇಳಿದ್ರಿ ಅಕ್ಕ," ಅಂದ.

"ಹೇಳಿದೆ. ಎಣಿಕೆ ಸುಳ್ಳಾ?"

ಅವನು ಎಣಿಕೆಯನ್ನು ಮತ್ತೊಮ್ಮೆ ನೋಡಿದ. ಇನ್ನೂರ ಮೂವತ್ತಾರು. ಎರಡು ಗಂಟೆ. ಕೊನೆಗೆ ಫಾರಂನಲ್ಲಿ ಆಶ್ರಯದ ಜಾಗ ಎಂಬಲ್ಲಿ 'ಬೆರ್ದಿಕೆಯವರ ಅಂಗಳ ಮತ್ತು ನೆರೆಹೊರೆ' ಎಂದು ಬರೆದ. ಎಚ್ಚರಿಕೆಯ ಸಂಕೇತ ಎಂಬಲ್ಲಿ ಸೈರನ್ ಎಂದಿದ್ದುದನ್ನು ಹೊಡೆದುಹಾಕಿ 'ಗುಡಾರ' ಎಂದು ಬರೆದು, ಒಂದು ವರ್ಷದ ಮಟ್ಟಿಗೆ ಎಂದು ಸೇರಿಸಿ ಸಹಿ ಹಾಕಿದ.

"ಮುಂದೆ ಇವ್ರು ನಿಜವಾಗ್ಲೂ ತೀರ್ಕೊಂಡ್ರೆ? ಕೆರೆ ಒಡೀತು ಅಂದ್ಕೊಳ್ತಾರೆ ಜನ," ಅಂದ.

"ಅಂದ್ಕೊಂಡ್ರೇನಂತೆ? ಆಗ್ಲೂ ಬರ್ತಾರಲ್ಲ," ಅಂದಳು ಅನಿಪಾ.

ಕೆರೆ ಒಡೆದದ್ದು ಮುಂದಿನ ಜೂನ್‌ನಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಮೇಲಿನ ಹುಲ್ಲುಗಾವಲಿನಿಂದ ಕುರಿಗಾಹಿಗಳ ಫೋನ್ ಬಂತು. ಮಾರಿಪ್ ಸೈರನ್ ಒತ್ತಿದ, ಕೆಳಕೇರಿಯವರು ಕಿಟಕಿ ಹಾಕಿಕೊಂಡರು. ನಾವು ಬೆಟ್ಟಕ್ಕೆ ಹೊರಡಲು ಕಟ್ಟಿಟ್ಟಿದ್ದ ಗುಡಾರವನ್ನು ಬಿಚ್ಚಿ, ಬರೀ ಮರದ ಜಾಲರಿ ನಿಲ್ಲಿಸಿ, ಮೇಲೆ ಒಂದು ಉಣ್ಣೆಯ ಹೊದಿಕೆ ಎಸೆದೆವು. ಮಾವ ಹೇಳಿಸಿಕೊಳ್ಳದೆ ಹೋಗಿ ಪರದೆಯ ಹಿಂದೆ ಮಲಗಿದರು.

ಅವರು ಬದುಕಿದ್ದಾರೆಂದು ಈ ಸಲ ಎಲ್ಲರಿಗೂ ಗೊತ್ತಿತ್ತು. ಆದರೂ ಓಡಿ ಬಂದರು, ಓಡುತ್ತಲೇ ಅಳುತ್ತಿದ್ದರು. ಗುಡಾರದ ಕಡೆ ಅಳದೆ ಬಂದು ಅಭ್ಯಾಸವಿಲ್ಲ ನಮಗೆ. ಅನಿಪಾ ಗೇಟಿನಲ್ಲಿ ನಿಂತು ಬರೆಯುತ್ತಿದ್ದಳು. ಕೆಳಗೆ ಹೊಳೆ ಕಪ್ಪಗೆ ಉಬ್ಬಿತು. ಸೇತುವೆ ಒಂದು ಸಲ ನಡು ಎತ್ತಿ, ಹೋಗಿಬಿಟ್ಟಿತು. ಅದರ ಮೇಲೆ ಯಾರೂ ಇರಲಿಲ್ಲ.

"ಇನ್ನೂರ ಒಂಬತ್ತು," ಅಂದಳು ಅನಿಪಾ. ಬಾರದವರು ಇಬ್ಬರು, ಓಮುರ್ಜಾಕ್ ಮತ್ತು ಅವಳ ತಾಯಿ.

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಕೆಳಕೇರಿಯ ಮೊದಲ ಬೇಲಿಗೆ ಕೆಸರು ಬಂದು ಬಡಿದದ್ದು ಕಂಡಿತು. ಅನಿಪಾ ಹೊಳೆಯ ಆ ದಡವನ್ನೇ ನೋಡುತ್ತಿದ್ದಳು, ನಲವತ್ತು ವರ್ಷದ ಹಿಂದೆ ನೋಡಿದ ಜಾಗವನ್ನು. ನಾನು ಅವಳ ಗದ್ದ ಹಿಡಿದು ಈ ಕಡೆ ತಿರುಗಿಸಿದೆ. ಏರಿನ ದಾರಿಯಲ್ಲಿ ಒಂದು ಕುದುರೆ ಹತ್ತಿ ಬರುತ್ತಿತ್ತು. ಮುಂದೆ ಓಮುರ್ಜಾಕ್, ಹಿಂದೆ ಅವಳ ತಾಯಿ, ಅವರಿಬ್ಬರ ನಡುವೆ ಎಂಟು ಕೌದಿ. ಸಾವಿನ ಮನೆಗೆ ಬರಿಗೈಲಿ ಹೋಗುವುದು ಹೇಗೆಂದು ಮುದುಕಿ ಕೌದಿ ಕಟ್ಟುತ್ತ ಕುಳಿತಿದ್ದಳಂತೆ. ಓಮುರ್ಜಾಕ್ ಬೈದು, ಕೌದಿಯ ಸಮೇತ ಎತ್ತಿ ಕುದುರೆಗೆ ಹಾಕಿಕೊಂಡು ಬಂದಿದ್ದ.

ಕುದುರೆ ಗೇಟಿನ ಬಳಿ ನಿಂತಿತು. ತಾಯಿ ಇಳಿದು ಮಗಳ ಮುಂದೆ ಬಂದಳು. ಅನಿಪಾ ತಲೆ ಎತ್ತಲಿಲ್ಲ. ಪಟ್ಟಿಯ ಮೇಲೆ ಪೆನ್ನೂರಿಕೊಂಡು, ಎಲ್ಲರನ್ನೂ ಕೇಳಿದ ಹಾಗೆಯೇ ಕೇಳಿದಳು.

"ಹೆಸರು?"

"ಅನಿಪಾಳ ಅಮ್ಮ," ಅಂದಳು ಮುದುಕಿ. "ಈ ದಡ. ಬರ್ಕೋ."

ಅನಿಪಾ ಬರೆದಳು. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು, ಗುಡಾರದೊಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಳಿತು ಅತ್ತಳು. ರಾಗವಿಲ್ಲ, ಮಾತಿಲ್ಲ. ಹಾಡಿ ಅಳಲು ಅವಳಿಗೆ ಬರುವುದಿಲ್ಲವೆಂದು ನಾನು ಇಷ್ಟು ವರ್ಷ ಆಡಿಕೊಂಡಿದ್ದೆ. ಅವತ್ತು ಆಡಿಕೊಳ್ಳಲಿಲ್ಲ, ಪಕ್ಕದಲ್ಲಿ ಹೋಗಿ ಕುಳಿತೆ. ಬಾಗಿಲಲ್ಲಿ ನಿಂತ ಓಮುರ್ಜಾಕ್ ಟೋಪಿ ಕೈಯಲ್ಲಿ ಹಿಡಿದು ಎಲ್ಲಿ ಕೂರುವುದೆಂದು ನೋಡುತ್ತಿದ್ದ.

ಪರದೆಯ ಹಿಂದಿನಿಂದ ಮಾವ ಕೇಳಿದರು, "ಅದ್ಯಾರು ಅಷ್ಟು ಚೆನ್ನಾಗಿ ಅಳ್ತಿರೋದು? ಈ ಸಲ ಯಾರ್ ಸತ್ರು?"

"ಯಾರೂ ಇಲ್ಲ ಮಾವ," ಅಂದೆ.

"ಹಂಗಾದ್ರೆ ಎಲ್ರಿಗೂ ಟೀ ಕೊಡ್ರೇ. ಓಮುರ್ಜಾಕ್‌ನ ಬಾಗ್ಲ ಹತ್ರ ಕೂರಿಸ್ಬೇಡಿ, ಇಲ್ಲಿ ನನ್ ಪಕ್ಕಕ್ಕೆ ಕರೀರಿ." ಆಮೇಲೆ ಸೊಂಟದ ದಾರದಿಂದ ಸಕ್ಕರೆ ಡಬ್ಬಿಯ ಬೀಗದಕೈ ಬಿಚ್ಚಿ ಪರದೆಯ ಕೆಳಗಿಂದ ನನ್ನ ಕಡೆ ತಳ್ಳಿದರು.